ದೊರೆಸಾನಿ ಮೆಲ್ಕಾರಿಗೆ ಬಂದದ್ದು

ಕೂನೂರು
೧೨ ಏಪ್ರಿಲ್ ೨೦೨೫

ಪ್ರೀತಿಯ ತಮ್ಮ ಶಂಭುವಿಗೆ ಪ್ರಫುಲ್ಲಕ್ಕ ಬರೆಯುವುದು.

ನಾವಿಬ್ಬರೂ ಇಲ್ಲಿ ಸೌಖ್ಯ. ಪ್ರಾಪ್ತಿಯ ಮೊಬೈಲಿಗೆ ಫೋನು ಮಾಡಬಹುದಿತ್ತು. ಆದರೆ ಪಾಪ, ನಿನ್ನ ಮಗಳು ನಾನು ಹೇಳಿದ್ದನ್ನೆಲ್ಲ ನಿನ್ನ ಕಿವಿಯಲ್ಲಿ ಕೂಗಬೇಕು, ನಮ್ಮ ಮನೆಯ ಸುದ್ದಿ ಮೆಲ್ಕಾರ್ ಜಂಕ್ಷನ್ನಿಗೆಲ್ಲ ಕೇಳಬೇಕು. ಕೆಂಪುಕಲ್ಲು ಕೊಯ್ಯುವ ಮೆಷಿನ್ನು ನಿನ್ನ ಕಿವಿ ತಿಂದುಹಾಕಿದ್ದರಿಂದ ನನಗೆ ಒಂದು ಲಾಭವಾಗಿದೆ. ಈ ಕಾಲದಲ್ಲೂ ಕಾಗದ ಬರೆಯಲು ನನಗೊಬ್ಬ ಇದ್ದಾನೆ.

ನಮ್ಮ ಹೋಟೆಲು ಇದ್ದ ಬಂಗಲೆಯನ್ನು ಕೆಡವುತ್ತಿದ್ದಾರೆ. ಲೀಸು ಮುಗಿದು ನಾವು ಬಾಡಿಗೆ ಮನೆಗೆ ಬಂದಾಗಲೇ ಅದು ಹೀಗಾಗುತ್ತದೆಂದು ಗೊತ್ತಿತ್ತು. ಮೊನ್ನೆ ನಿನ್ನ ಭಾವ ನೋಡಿ ಬರುತ್ತೇನೆಂದು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಹೋಗಿ ನೋಡಿದರೆ, ಹಾಲ್‌ನಲ್ಲಿದ್ದ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಗೋಡೆಯಿಂದ ಕಿತ್ತು ಗುಜರಿಯ ರಾಶಿಗೆ ಹಾಕಿದ್ದಾರೆ, ಇವರು ಅದರ ಮೇಲೆ ಕೂತಿದ್ದಾರೆ! ಬಿಟ್ಟುಕೊಡುವವರೆಗೆ ಏಳುವುದಿಲ್ಲವಂತೆ. ಕೊನೆಗೆ ಅವರೇ ನಾಲ್ಕು ಜನ ಹೊತ್ತುಕೊಂಡು ಬಂದು ನಮ್ಮ ಜಗಲಿಯಲ್ಲಿ ಇಟ್ಟು ಹೋದರು. ನೆನಪುಂಟಲ್ಲ ನಿನಗೆ, ಎಲೆಬಳ್ಳಿಯ ಚಿತ್ತಾರ ಇರುವ ಆ ಕರಿ ಅಗ್ಗಿಷ್ಟಿಕೆ? ಇವರು ಅದನ್ನು ದೊರೆಸಾನಿ ಎಂದು ಕರೆಯುತ್ತಿದ್ದರು, ಬ್ರಿಟಿಷರ ಕಾಲದವಳು ಎಂದು.

ಇವರಿಗೆ ಈಗ ಚಳಿ ಜಾಸ್ತಿ. ಬಿಸಿಲಲ್ಲೂ ಎರಡು ಸ್ವೆಟರು. ಕಾಲು ಮುಟ್ಟಿದರೆ ನಲ್ಲಿಯ ನೀರಿನ ಹಾಗೆ. ಬಾಡಿಗೆ ಮನೆಯಲ್ಲಿ ಬೆಂಕಿ ಹಾಕಲು ಜಾಗವಿಲ್ಲ. ಕೆಳಗೆ ಊರಿಗೆ ಹೋಗಿ ಎಂದು ಡಾಕ್ಟರು ಹೇಳುತ್ತಲೇ ಇದ್ದಾರೆ, ನೀನೂ ಮಹಡಿಯ ಕೋಣೆ ನಮಗೆಂದೇ ಇಟ್ಟಿದ್ದೇನೆ ಅಂತಿ. ಇವರು ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಮೊನ್ನೆ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. "ಮೊದಲು ದೊರೆಸಾನಿ ಹೋಗಿ ಅಲ್ಲಿ ಉರಿಯಲಿ. ಆಮೇಲೆ ನಾನು ಬರ್ತೇನೆ."

ಸೌದೆಯ ಬೆಂಕಿಯೇ ಆಗಬೇಕು. ಬೆಂಕಿಯ ಹಾಗೆ ಕಾಣುವ ಕರೆಂಟಿನ ಹೀಟರು ಬರುತ್ತದೆ ಎಂದ ಪಕ್ಕದ ಮನೆಯವರ ಹತ್ತಿರ ಇವರು ಮಾತು ಬಿಟ್ಟಿದ್ದಾರೆ. ಆಗುತ್ತದೋ ಇಲ್ಲವೋ ಹೇಳು. ನಾಚಿಕೆ ಬೇಡ.

ನಿನ್ನ ಅಕ್ಕ
ಪ್ರಫುಲ್ಲಾ


ಮೆಲ್ಕಾರ್
೨೦ ಏಪ್ರಿಲ್ ೨೦೨೫

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಫ್ಯಾನಿನ ಅಡಿಯಲ್ಲಿ, ಬನಿಯನ್ ತೆಗೆದು, ಬೈರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತ ಓದಿದೆ. ಇಲ್ಲಿ ಸೆಕೆಗೆ ಕಾಗೆ ಸಹ ಕೂಗುವುದಿಲ್ಲ. ಅಂಥಾದ್ದರಲ್ಲಿ ಅಗ್ಗಿಷ್ಟಿಕೆ! ಇವಳಿಗೆ ಓದಿ ಹೇಳಿದೆ. "ಹಾಕಿಸಿ, ಟಿಕೆಟು ಇಟ್ಟು ಜನರಿಗೆ ತೋರಿಸುವ" ಎಂದಳು. ಪ್ರಾಪ್ತಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಅಕ್ಕಾ, ಹದಿನಾರನೇ ವರ್ಷದಲ್ಲಿ ಪಾತ್ರೆ ತೊಳೆಯಲೆಂದು ಅಲ್ಲಿಗೆ ಬಂದವನು ನಾನು. ಡಿಸೆಂಬರಿನ ನೀರಿಗೆ ಬೆರಳೆಲ್ಲ ಬಾತು ಒಡೆದಿತ್ತು. ಊರಿಗೆ ಓಡಿಹೋಗುವುದೆಂದು ಗಂಟು ಕಟ್ಟಿದ್ದೆ. ಭಾವ ಅದನ್ನು ನೋಡಿದರು. ದೊರೆಸಾನಿಯ ಮುಂದೆ ಕೂತಿದ್ದ ಗಿರಾಕಿಗಳನ್ನು ಎಬ್ಬಿಸಿ ಅಲ್ಲಿ ನನ್ನನ್ನು ಕೂರಿಸಿದರು. "ಇವನು ನಮ್ಮ ಮನೆಯವ, ಇವನಿಗೆ ಮೊದಲು" ಎಂದರು. ಪಾತ್ರೆ ತೊಳೆಯುವ ಹುಡುಗನಿಗೆ! ಅದು ಮರೆತುಹೋಗುವಂಥದ್ದಾ?

ಕಳಿಸಿಬಿಡು. ಕೆಲಸಕ್ಕೆ ಬೆಳ್ತಂಗಡಿಯ ಡೊಂಬಯ್ಯ ಮೇಸ್ತ್ರಿಗೆ ಹೇಳಿದ್ದೇನೆ. ಆ ಕಡೆಯ ತೋಟಗಳಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಗೂಡುಗಳನ್ನೆಲ್ಲ ಕಟ್ಟಿದವನು ಅವನೇ. "ಹೊಗೆ ಹೊರಗೆ ಹೋಗದ ಹಾಗೆ ಕಟ್ಟಿ ಅಭ್ಯಾಸ ಧಣಿ, ಹೋಗುವ ಹಾಗೆ ಕಟ್ಟುವುದನ್ನು ಈಗ ಕಲಿಯಬೇಕು" ಎಂದ. ಮಳೆಗೆ ಮೊದಲು ಗೇರುಮರದ ಸೌದೆ ಒಡೆಸಿ ಅಟ್ಟಕ್ಕೆ ಹಾಕುತ್ತೇನೆ. ಹುಣಸೆಯೂ ಸ್ವಲ್ಪ ಉಂಟು. ಮಾವು ಮಾತ್ರ ಇಲ್ಲ. ನಮ್ಮ ಅಪ್ಪ ಮಾವಿನ ಸೌದೆಯನ್ನು ಮನೆಯೊಳಗಿನ ಒಲೆಗೆ ಇಡಲು ಬಿಡುತ್ತಿರಲಿಲ್ಲವಲ್ಲ, ಅದು ಕಾಟಕ್ಕೆ, ಹೆಣ ಸುಡುವುದಕ್ಕೆ ಎಂದು.

ಭಾವನಿಗೆ ಹೇಳು, ಅವರ ಜಾಗ ಇಲ್ಲಿ ಖಾಲಿ ಉಂಟು.

ನಿನ್ನ ತಮ್ಮ
ಶಂಭು


ಕೂನೂರು
೨ ಮೇ ೨೦೨೫

ಪ್ರೀತಿಯ ಶಂಭುವಿಗೆ,

ದೊರೆಸಾನಿ ನಾಳೆ ಹೊರಡುತ್ತಾಳೆ. ಮಂಗಳೂರು ಮಾರ್ಕೆಟಿಗೆ ಕ್ಯಾರೆಟ್ ಒಯ್ಯುವ ಲಾರಿಯಲ್ಲಿ ಗೋಣಿ ಸುತ್ತಿ ಕೂರಿಸುತ್ತೇವೆ. ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಗಿರಾಕಿಗಳನ್ನು ಎಬ್ಬಿಸಿದ್ದು ಇವರಿಗೆ ನೆನಪೇ ಇಲ್ಲ. "ನಾನು ಹಾಗೆ ಮಾಡಿದ್ದೆನಾ? ವ್ಯಾಪಾರ ಹಾಳಾಗುವುದಿಲ್ವಾ?" ಎಂದರು.

ಇನ್ನು ಬರೆಯುವುದು ಇವರು ಹೇಳಿ ಬರೆಸಿದ್ದು. ಹಿಂದೆ ಬೆಂಕಿ ತಾಳುವ ಇಟ್ಟಿಗೆಯೇ ಬೇಕು. ಎದುರಿಗೆ ನೆಲಕ್ಕೆ ಕರಿಕಲ್ಲಿನ ಚಪ್ಪಡಿ ಇರಬೇಕು, ಟೈಲ್ಸ್ ಆದರೆ ಸಿಡಿಯುತ್ತದೆ. ಹೊಗೆಕೊಳವೆ ನೆಟ್ಟಗೆ ಹೋಗಬೇಕು, ತಾರಸಿಯ ಮೇಲೆ ಆಳೆತ್ತರ ಬರಬೇಕು, ಮಳೆಗೆ ತೊಪ್ಪಿ ಇರಬೇಕು. ತುಂಬ ದಿನ ಉರಿಯದ ಕೊಳವೆ ನಿದ್ದೆ ಮಾಡುತ್ತಿರುತ್ತದಂತೆ. ಸೌದೆಗೆ ಬೆಂಕಿ ಕೊಡುವ ಮೊದಲು ಒಂದು ಹಾಳೆ ಕಾಗದ ಹೊತ್ತಿಸಿ ಮೇಲಕ್ಕೆ ಹಿಡಿದು ಕೊಳವೆಯನ್ನು ಎಬ್ಬಿಸಬೇಕು. ಇಲ್ಲದಿದ್ದರೆ ಹೊಗೆಯೆಲ್ಲ ಕೋಣೆಗೆ ಬರುತ್ತದೆ.

ಇಷ್ಟು ಹೇಳಿ ಸುಸ್ತಾಗಿ ಮಲಗಿದ್ದಾರೆ. ಚಿಂತೆಗೇನೂ ಇಲ್ಲ. ಬೆಳಿಗ್ಗೆ ಮಾರ್ಕೆಟಿನವರೆಗೆ ಒಂದು ಸುತ್ತು ಹೋಗಿ ಬಂದಿದ್ದರು, ಹಾಗಾಗಿ.

ಪ್ರಫುಲ್ಲಾ


ಮೆಲ್ಕಾರ್
೨೩ ಮೇ ೨೦೨೫

ಅಕ್ಕನಿಗೆ,

ದೊರೆಸಾನಿ ಕ್ಷೇಮವಾಗಿ ತಲುಪಿದಳು. ತಿಳಿಸಲು ತಡವಾಯಿತು. ಲಾರಿಯಿಂದ ಇಳಿಸುವಾಗ ನೋಡಲು ಅರ್ಧ ಮೆಲ್ಕಾರೇ ಬಂದಿತ್ತು. ಒಬ್ಬ ದೇವರ ಪ್ರಭಾವಳಿಯಾ ಎಂದು ಕೇಳಿದ, ಇನ್ನೊಬ್ಬ ಚಿಕನ್ ಸುಡುವುದಾ ಎಂದ. ಭಾವನಿಗೆ ಚಳಿ ಕಾಯಿಸಿಕೊಳ್ಳಲಿಕ್ಕೆ ಎಂದೆ. ಅದಂತೂ ಅರ್ಥವೇ ಆಗಲಿಲ್ಲ ಅವರಿಗೆ.

ಕೆಲಸ ಶುರುವಾಗುವುದು ಸ್ವಲ್ಪ ನಿಧಾನ. ಫರಂಗಿಪೇಟೆಯಲ್ಲಿ ಒಂದು ಸಣ್ಣ ಕೆಲಸ ಮಾಡಿಸಲಿಕ್ಕುಂಟು. ಮಳೆಯೂ ಈ ಸಲ ಬೇಗ ಹಿಡಿಯಿತು. ಸೌದೆಗೆ ಮಾತ್ರ ಹೆದರಬೇಡ, ಅಟ್ಟದಲ್ಲಿ ಗರಿಗರಿಯಾಗಿ ಕೂತಿದೆ.

ಮಾರ್ಕೆಟಿನವರೆಗೆ ಭಾವ ನಡೆದುಕೊಂಡು ಹೋದದ್ದು ಓದಿ ಖುಷಿಯಾಯಿತು. ಅಷ್ಟು ಗಟ್ಟಿಯಿದ್ದರೆ ನಮಗೆ ಗಡಿಬಿಡಿ ಇಲ್ಲ, ಚೆಂದ ಮಾಡಿಯೇ ಮಾಡುವ.

ಶಂಭು


ಮೆಲ್ಕಾರ್
೧೪ ಜೂನ್ ೨೦೨೫

ಅಕ್ಕಾ,

ಆಯಿತು! ದೊರೆಸಾನಿ ಗೋಡೆಯಲ್ಲಿ ಕೂತಳು. ಡೊಂಬಯ್ಯ ಕೊಳವೆಯನ್ನು ದಾರ ಹಿಡಿದ ಹಾಗೆ ನೆಟ್ಟಗೆ ಎಬ್ಬಿಸಿದ್ದಾನೆ. ತಾರಸಿಯ ಸ್ಲ್ಯಾಬು ಕೊರೆಯುವಾಗ ಮಾತ್ರ ನನ್ನ ಹೊಟ್ಟೆಯನ್ನೇ ಕೊರೆದ ಹಾಗಾಯಿತು.

ಜಾಗದ ವಿಷಯದಲ್ಲಿ ನಾನೊಂದು ಎಚ್ಚರಿಕೆ ಮಾಡಿದೆ. ಮೂಡಬಿದ್ರೆಯಿಂದ ವಾಸ್ತು ನೋಡುವವರನ್ನು ಕರೆಸಿದೆ. ಮಲಗುವ ಕೋಣೆಯಲ್ಲಿ, ಅದೂ ಪಶ್ಚಿಮದ ಗೋಡೆಯಲ್ಲಿ ಬೆಂಕಿ ಇಟ್ಟರೆ ಮಲಗಿದವರ ಆಯುಷ್ಯಕ್ಕೆ ಒಳ್ಳೆಯದಲ್ಲವಂತೆ. ಬೆಂಕಿಗೆ ಆಗ್ನೇಯ ಮೂಲೆಯೇ ಆಗಬೇಕು ಎಂದರು. ಹಾಗಾಗಿ ಮಹಡಿಯ ಚಾವಡಿಯ ಆ ಮೂಲೆಯಲ್ಲಿ ಕೂರಿಸಿದ್ದು. ಭಾವನ ಆಯುಷ್ಯದ ವಿಷಯದಲ್ಲಿ ನಾನು ಪಂಥ ಕಟ್ಟುವುದಿಲ್ಲ. ಸಂಜೆ ಕೋಣೆಯಿಂದ ಎದ್ದು ಬಂದು ಬೆಂಕಿಯ ಎದುರು ಕೂತರಾಯಿತು. ಕುರ್ಚಿಯೂ ತಂದಿಟ್ಟಿದ್ದೇನೆ.

ಯಾವಾಗ ಹೊರಡುತ್ತೀರಿ?

ಶಂಭು


ಕೂನೂರು
೨೦ ಜೂನ್ ೨೦೨೫

ಶಂಭು,

ನೀನು ಇಷ್ಟೆಲ್ಲ ಮಾಡಿದ್ದು ನಮ್ಮ ಒಳ್ಳೆಯದಕ್ಕೇ. ಅದು ನನಗೆ ಗೊತ್ತು. ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ.

ಕೋಣೆಯಿಂದ ಎದ್ದು ಬರಲು ಇವರಿಗೆ ಆಗುವುದಿಲ್ಲ. ಏಪ್ರಿಲ್ ಮುಗಿದ ಮೇಲೆ ಇವರು ಮಂಚ ಬಿಟ್ಟು ಇಳಿದಿಲ್ಲ. ಮಾರ್ಕೆಟಿನ ಮಾತು ನಾನು ಸುಮ್ಮನೆ ಬರೆದದ್ದು. ನೀನು ಹೆದರಿ ಇಲ್ಲಿಗೆ ಓಡಿ ಬರುವುದು ಬೇಡ ಎಂದು.

ಇವರು ಕೇಳುವುದು ಒಂದೇ, ಮಲಗಿದಲ್ಲಿಂದ ಬೆಂಕಿ ಕಾಣಬೇಕು, ಕಾಲಿಗೆ ತಾಗಬೇಕು. ಚಾವಡಿಯ ಮೂಲೆಯಲ್ಲಿದ್ದರೆ ನಡುವೆ ಗೋಡೆ. ಇವರಿಗೆ ಅದು ಇದ್ದೂ ಇಲ್ಲದ ಹಾಗೆಯೇ. ಕಷ್ಟವಾದರೆ ಬಿಡು, ನಾನು ಏನಾದರೂ ಹೇಳಿ ಒಪ್ಪಿಸುತ್ತೇನೆ. ಬೇರೆಲ್ಲ ಸರಿ ಇದೆ. ಊಟ ಸೇರುತ್ತದೆ.

ಪ್ರಫುಲ್ಲಾ


ಮೆಲ್ಕಾರ್
೨೬ ಜೂನ್ ೨೦೨೫

ಅಕ್ಕಾ,

ನೀನು ಸುಳ್ಳು ಬರೆದೆ ಎಂದು ಸಿಟ್ಟು ಬಂತು. ಆದರೆ ಸಿಟ್ಟು ಮಾಡುವ ಮುಖ ನನಗೂ ಇಲ್ಲ. ದೊರೆಸಾನಿ ಕ್ಷೇಮವಾಗಿ ತಲುಪಿದಳು ಎಂದು ಬರೆದೆನಲ್ಲ, ಅದು ಸುಳ್ಳು. ಲಾರಿಯಿಂದ ಇಳಿಸುವಾಗ ಹಗ್ಗ ಜಾರಿ ಒಂದು ಮೂಲೆ ನೆಲಕ್ಕೆ ಬಡಿಯಿತು. ಎರಕದ ಕಬ್ಬಿಣ ಬಗ್ಗುವುದಿಲ್ಲ, ನೇರ ಒಡೆಯುತ್ತದೆ. ಎಲೆಬಳ್ಳಿಯ ಮೇಲೆ ಮೇಲಿಂದ ಕೆಳಗಿನವರೆಗೆ ಬಿರುಕು. ಫರಂಗಿಪೇಟೆಯ ಹಾಜಬ್ಬರ ವೆಲ್ಡಿಂಗ್ ಶಾಪಿಗೆ ಕೊಂಡುಹೋದೆ. ಅವರು ಎದುರಿನ ಇಡೀ ಕಬ್ಬಿಣದ ಹಲಗೆಯನ್ನು ಕೆಂಡದಲ್ಲಿ ಬಿಸಿ ಮಾಡಿ ಹಿತ್ತಾಳೆ ಕರಗಿಸಿ ಬೆಸೆದರು. ಒಂದು ಸಲ ಕೆಂಡದಿಂದ ತೆಗೆಯುವಾಗ ಬೆಸುಗೆ ಬಿಟ್ಟಿತು, ಪುನಃ ಮಾಡಿದರು. ತಡವಾದದ್ದು ಅದಕ್ಕೆ. ಈಗ ಕರಿ ಎಲೆಯ ಮೇಲೆ ಒಂದು ಹಳದಿ ಗೆರೆ ಕಾಣುತ್ತದೆ. ಭಾವ ಒಡೆದದ್ದನ್ನು ಕೇಳಿ ನೊಂದುಕೊಂಡಾರೆಂದು ಮುಚ್ಚಿಟ್ಟೆ.

ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವಾ. ಇನ್ನು ಸಾಕು, ಇನ್ನು ಇದ್ದದ್ದು ಇದ್ದ ಹಾಗೆ ಬರೆಯುವ.

ನಿನ್ನೆಯೇ ಡೊಂಬಯ್ಯನನ್ನು ಕರೆದು ಮೂಲೆಯ ಗೋಡೆ ಒಡೆಸಿದೆ. ಅವನು ಒಂದು ಎಲೆ ಅಡಿಕೆ ಹೆಚ್ಚು ಹಾಕಿದ ಅಷ್ಟೆ. ಕೋಣೆಯಲ್ಲಿ ಮಂಚದ ಕಾಲದೆಸೆಗೆ ಸರಿಯಾಗಿ ಕೂರಿಸುತ್ತೇವೆ. ನಾನೇ ಮಂಚದ ಮೇಲೆ ಮಲಗಿ ಅಳತೆ ನೋಡಿದೆ. ವಾಸ್ತುವಿನವರು ಏನು ಬೇಕಾದರೂ ಹೇಳಿಕೊಳ್ಳಲಿ. ಮಳೆ ಬಿಡುವುದಿಲ್ಲ. ಸಿಮೆಂಟು ಒಣಗುವುದಿಲ್ಲ. ಆದರೂ ಬೇಗ ಮಾಡಿಸುತ್ತೇನೆ.

ಶಂಭು


ಕೂನೂರು
೩ ಜುಲೈ ೨೦೨೫

ಶಂಭು,

ಹಳದಿ ಗೆರೆಯ ವಿಷಯ ಇವರಿಗೆ ಹೇಳಿದೆ. ನಕ್ಕರು. "ದೊರೆಸಾನಿಗೆ ನಮ್ಮೂರಿಗೆ ಬಂದು ಚಿನ್ನ ಸಿಕ್ಕಿತು" ಎಂದರು. ಈ ನಡುವೆ ಇಷ್ಟು ಉದ್ದದ ಮಾತು ಆಡಿದ್ದು ಇದೇ.

ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳುತ್ತಾರೆ, "ಶಂಭು ಬೆಂಕಿ ಹಾಕಿದನಾ?" ಎಂದು.

ಮತ್ತೆಲ್ಲ ಸರಿ ಇದೆ.

ಪ್ರಫುಲ್ಲಾ


ಮೆಲ್ಕಾರ್
೧೬ ಜುಲೈ ೨೦೨೫

ಅಕ್ಕಾ,

ಮುಗಿಯಿತು. ಈ ಸಲ ನಿಜವಾಗಿ ಮುಗಿಯಿತು. ನಿನ್ನೆ ಸಂಜೆ ಡೊಂಬಯ್ಯ ತಾರಸಿಯ ಮೇಲೆ ತೊಪ್ಪಿ ಇಟ್ಟು ಇಳಿದ. ಚಪ್ಪಡಿ ಕಾರ್ಕಳದ ಕಲ್ಲು, ಕನ್ನಡಿಯ ಹಾಗೆ. ಮಂಚದಲ್ಲಿ ಮಲಗಿದರೆ ದೊರೆಸಾನಿ ಕಾಲಿನ ಎದುರೇ ಇದ್ದಾಳೆ.

ಇವತ್ತೇ ಬೆಂಕಿ ಹಾಕಿ ನಿನಗೆ ತಿಳಿಸಬೇಕೆಂದಿದ್ದೆ. ಇವಳು ಕ್ಯಾಲೆಂಡರು ನೋಡಿ ತಡೆದಳು. ಇವತ್ತು ಸಂಕ್ರಮಣ, ನಾಳೆಯಿಂದ ಆಟಿ. ನಿನಗೆ ಹೇಳಬೇಕಾದ್ದಿಲ್ಲ, ಆಟಿ ತಿಂಗಳಲ್ಲಿ ಹೊಸ ಒಲೆ ಹೂಡುವುದುಂಟಾ, ಹಾಲು ಉಕ್ಕಿಸುವುದುಂಟಾ, ಹೊಸ ಕೋಣೆಗೆ ಹೋಗುವುದುಂಟಾ? ಅಗ್ಗಿಷ್ಟಿಕೆಯಾದರೂ ಅದು ಒಲೆಯೇ. ಭಾವನಿಗೆಂದು ಮಾಡಿದ್ದನ್ನು ಕೆಟ್ಟ ತಿಂಗಳಲ್ಲಿ ಶುರು ಮಾಡಿ ಅವರಿಗೆ ಏನಾದರೂ ಆದರೆ ನಾನು ಬದುಕಿರುವವರೆಗೆ ಕೊರಗಬೇಕು. ಇಷ್ಟು ಕಾದದ್ದಾಯಿತು, ಆಟಿ ಕಳೆಯಲಿ. ಸೋಣ ತಿಂಗಳು ಹುಟ್ಟಿದ ದಿನವೇ ಹಾಲು ಉಕ್ಕಿಸಿ ಬೆಂಕಿ ಹಾಕುತ್ತೇನೆ. ಕಾರು ಮಾಡಿಕೊಂಡು ಬಂದುಬಿಡಿ.

ಇನ್ನೊಂದು ಸಂತೋಷ. ಆಟಿ ಕಳೆದ ಕೂಡಲೇ ಪ್ರಾಪ್ತಿಯನ್ನು ನೋಡಲು ಮೂಡಬಿದ್ರೆಯಿಂದ ಬರುತ್ತಾರೆ. ಒಳ್ಳೆಯ ಮನೆತನ. ಮನೆಯಲ್ಲಿ ಶುಭಕಾರ್ಯ ನಡೆಯುವಾಗ ಎಲ್ಲ ಸರಿಯಾಗಿ ಇರಬೇಕು ಎಂದು ನನಗೆ.

ಇಲ್ಲಿ ಎಲ್ಲರೂ ಸೌಖ್ಯ. ಇದ್ದದ್ದು ಇದ್ದ ಹಾಗೆ ಬರೆ.

ಶಂಭು


ಕೂನೂರು
೨೦ ಜುಲೈ ೨೦೨೫

ಶಂಭು,

ನಿನ್ನ ಕಾಗದ ಬಂತು. ನೀನು ಹೇಳಿದ್ದು ಸರಿ. ಆಗಲಿ, ಆಟಿ ಕಳೆಯಲಿ.

ಪ್ರಾಪ್ತಿಗೆ ಒಳ್ಳೆಯದಾಗಲಿ. ನಾವಿಬ್ಬರೂ ಇಲ್ಲಿ ಸೌಖ್ಯ.

ಪ್ರಫುಲ್ಲಾ


ಮೆಲ್ಕಾರ್
೪ ಆಗಸ್ಟ್ ೨೦೨೫

ಅಕ್ಕಾ,

ನಿನ್ನೆ ಮಧ್ಯಾಹ್ನ ಮನೆಗೆ ಬಂದು ತಲುಪಿದೆ. ಅಲ್ಲಿ ಅಷ್ಟು ದಿನ ನಿನ್ನ ಹತ್ತಿರವೇ ಇದ್ದರೂ ನಾವು ಏನೂ ಮಾತಾಡಲಿಲ್ಲ. ಮನೆ ತುಂಬ ಜನ. ನನಗೆ ಹೇಳಬೇಕೆಂದರೆ ನೀನು ಕೂಗಬೇಕು. ಸೂತಕದ ಮನೆಯಲ್ಲಿ ಯಾರು ಕೂಗಿ ಮಾತಾಡುತ್ತಾರೆ? ಹಾಗಾಗಿ ಬರೆಯುತ್ತಿದ್ದೇನೆ.

ಜುಲೈ ಇಪ್ಪತ್ತಮೂರರಂದು ಪೋಸ್ಟಿನವನು ನಿನ್ನ ಕಾಗದ ಕೊಟ್ಟ. "ನಾವಿಬ್ಬರೂ ಇಲ್ಲಿ ಸೌಖ್ಯ" ಎಂದಿತ್ತು. ಓದಿ ಕಿಸೆಗೆ ಹಾಕಿ ಊಟಕ್ಕೆ ಕೂತಿದ್ದೆ. ಪ್ರಾಪ್ತಿ ಫೋನು ಹಿಡಿದುಕೊಂಡು ಬಂದಳು. ಕೂಗಲಿಲ್ಲ. ಅವಳ ಮುಖ ನೋಡಿಯೇ ಗೊತ್ತಾಯಿತು. ರೈಲಿನಲ್ಲಿ ಇಡೀ ದಾರಿ ಆ ಕಾಗದ ನನ್ನ ಕಿಸೆಯಲ್ಲೇ ಇತ್ತು.

ಅಕ್ಕಾ, ಭಾವನಿಗೆ ಅಷ್ಟು ಕಷ್ಟವಿದೆ ಎಂದು ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಬರೆದಿದ್ದರೆ ಆಟಿಯೂ ಇಲ್ಲ, ಗೀಟಿಯೂ ಇಲ್ಲ ಎಂದು ಅವತ್ತೇ ಬೆಂಕಿ ಹಾಕುತ್ತಿದ್ದೆ. ಗಾಡಿ ಮಾಡಿಕೊಂಡು ಬಂದು ಎತ್ತಿಕೊಂಡು ಬರುತ್ತಿದ್ದೆ. ಬರೆಯುತ್ತಿರುವಾಗ ನನಗೆ ಗೊತ್ತಾಗುತ್ತಿದೆ, ಈ ಸಿಟ್ಟು ನಿನ್ನ ಮೇಲಿನದಲ್ಲ. ಎಲ್ಲ ಮುಗಿದಿತ್ತು. ಸೌದೆ ಒಣಗಿತ್ತು. ಒಂದು ಬೆಂಕಿಕಡ್ಡಿ ಗೀರುವ ಕೆಲಸ ಉಳಿದಿತ್ತು. ಅದನ್ನು ನಾನು ಮಾಡಲಿಲ್ಲ.

ಅಲ್ಲಿಯ ಸ್ಮಶಾನದಲ್ಲಿ ಗ್ಯಾಸಿನ ಚಿತೆ. ಮಳೆಯಲ್ಲಿ ಸೌದೆ ಸಿಗುವುದಿಲ್ಲ ಎಂದರು. ಬಾಗಿಲು ಮುಚ್ಚಿದರು, ಗುಂಡಿ ಒತ್ತಿದರು. ಸೌದೆಯ ಬೆಂಕಿಯೇ ಆಗಬೇಕು ಎಂದವರಿಗೆ ಕೊನೆಗೂ ಒಂದು ತುಂಡು ಸೌದೆ ಸಿಗಲಿಲ್ಲ. ನನಗೆ ಅಳು ಬಂದದ್ದು ಆಗ.

ಒಂದು ಕೇಳಬೇಕು. ನಾನು ಬಂದಾಗ ಭಾವನ ಮಂಚದ ಹತ್ತಿರ ಅವರ ಕರಿ ಶೂ ಇತ್ತು. ಪಾಲಿಶ್ ಮಾಡಿದ್ದು, ಲೇಸು ಸಡಿಲಿಸಿದ್ದು. ಮಂಚ ಬಿಟ್ಟು ಇಳಿಯದವರಿಗೆ ಶೂ ಯಾಕೆ?

ಶಂಭು


ಕೂನೂರು
೮ ಆಗಸ್ಟ್ ೨೦೨೫

ಶಂಭು,

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.

ನಿನ್ನ ಆಟಿಯ ಕಾಗದ ಬಂದಾಗ ಇವರು ಎಚ್ಚರವಾಗಿದ್ದರು. "ಶಂಭುವಿನದ್ದಾ? ಬೆಂಕಿ ಹಾಕಿದನಾ?" ಎಂದರು. ನಾನು ಓದುವ ಮೊದಲೇ ಹಾಕಿದನಂತೆ ಎಂದುಬಿಟ್ಟೆ. ಇವರ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಹಾಗಾದ್ರೆ ಹೊರಡುವ" ಎಂದರು.

ಶೂ ಹಾಕು ಎಂದರು. ಹಾಕಿದೆ. ಗೋಡೆಗೆ ಒರಗಿ ಶೂ ಹಾಕಿಕೊಂಡೇ ಇಡೀ ದಿನ ಕಾದರು. ನಾನು ಅಡುಗೆ ಕೋಣೆಗೆ ಹೋಗಿ ನಿನ್ನ ಕಾಗದ ಓದಿದೆ. ಆಟಿಯಲ್ಲಿ ಹೊಸ ಕೋಣೆಗೆ ಹೋಗುವುದುಂಟಾ ಎಂದು ನೀನು ಕೇಳಿದ್ದೆ. ಆಮೇಲೆ ಪ್ರಾಪ್ತಿಯನ್ನು ನೋಡಲು ಬರುವ ವಿಷಯ. ಮನೆಯಲ್ಲಿ ಶುಭಕಾರ್ಯ ನಡೆಯುವಾಗ ಎಲ್ಲ ಸರಿಯಾಗಿ ಇರಬೇಕು ಎಂದಿದ್ದೆ. ನಾನು ಅದನ್ನು ಬೇರೆಯೇ ಓದಿಕೊಂಡೆ. ಹೋಗಲಿರುವ ಮನುಷ್ಯನನ್ನು ಮದುವೆಯ ಮಾತು ನಡೆಯುವ ಮನೆಗೆ ತರಬೇಡ, ಅದನ್ನು ತಮ್ಮ ಬಾಯಿಬಿಟ್ಟು ಹೇಳಲಾರದೆ ಹೀಗೆ ಬರೆದಿದ್ದಾನೆ ಎಂದುಕೊಂಡೆ. ಡಾಕ್ಟರು ಜೂನ್‌ನಲ್ಲೇ ಕೈಬಿಟ್ಟಿದ್ದರು. ಮದುವೆಗೆ ಬಂದ ಹುಡುಗಿಯಿರುವ ಮನೆಯಲ್ಲಿ ಆಟಿಯಲ್ಲಿ ಸಾವಾಗುವುದು ಬೇಡ ಎಂದು ನಾನೂ ಯೋಚಿಸಿದೆ. ಅದಕ್ಕೇ ಆಗಲಿ, ಆಟಿ ಕಳೆಯಲಿ ಎಂದು ಬರೆದೆ.

ನೀನು ಹಾಗೆ ಎಣಿಸಿರಲಿಲ್ಲ ಎಂದು ನಿನ್ನ ಈ ಕಾಗದ ಓದಿದ ಮೇಲೆ ತಿಳಿಯಿತು. ನೀನು ಭಾವನ ಆಯುಷ್ಯಕ್ಕೆ ಹೆದರಿದೆ, ನಾನು ನಿನ್ನ ಮಗಳ ಮದುವೆಗೆ ಹೆದರಿದೆ. ನಮ್ಮಿಬ್ಬರ ಹೆದರಿಕೆಯ ನಡುವೆ ಇವರು ಶೂ ಹಾಕಿಕೊಂಡು ಕಾದರು.

ಕಾರು ಯಾಕೆ ಬರಲಿಲ್ಲ ಎಂದರು. ಘಾಟಿಯಲ್ಲಿ ಮಳೆ ಎಂದೆ. ಮಾರನೇ ದಿನವೂ ಕೇಳಿದರು. ಶೂ ಬಿಚ್ಚಲು ಬಿಡಲಿಲ್ಲ. ಕಾಲು ಬಾತುಕೊಂಡಿತೆಂದು ಲೇಸು ಸಡಿಲಿಸಿ ಇಟ್ಟೆ. ಕೊನೆಯ ದಿನ ಕೇಳುವುದನ್ನು ಬಿಟ್ಟರು. ತೆಗೆದದ್ದು ಎಲ್ಲ ಆದ ಮೇಲೆ, ನಾನೇ. ಕಾಲು ಹಾಗೆಯೇ ತಣ್ಣಗಿತ್ತು, ಮೊದಲಿನಿಂದ ಇದ್ದ ಹಾಗೆ. ಅದರಿಂದ ಗೊತ್ತಾಗಲೇ ಇಲ್ಲ ನನಗೆ, ಯಾವಾಗ ಹೋದರೆಂದು.

ನಿನ್ನನ್ನು ಬೈಯಲು ಇದನ್ನು ಬರೆದದ್ದಲ್ಲ. ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು.

ನಿನ್ನ ಆ ಆಟಿಯ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಹರಿಯಲು ಮನಸ್ಸಾಗಲಿಲ್ಲ. ನನ್ನ ಹತ್ತಿರ ಇರುವುದೂ ಬೇಡ. ಯಾವತ್ತಾದರೂ ದೊರೆಸಾನಿಗೆ ಬೆಂಕಿ ಹಾಕುವುದಾದರೆ ಕೊಳವೆ ಎಬ್ಬಿಸಲು ಒಂದು ಹಾಳೆ ಬೇಕಲ್ಲ.

ಪ್ರಫುಲ್ಲಾ


ಮೆಲ್ಕಾರ್
೧೩ ಆಗಸ್ಟ್ ೨೦೨೫

ಅಕ್ಕಾ,

ನಿನ್ನ ಕಾಗದ ಮೊನ್ನೆ ಬಂತು. ಯಾರಿಗೂ ಓದಿ ಹೇಳಲಿಲ್ಲ. ಒಬ್ಬನೇ ಓದಿದೆ, ಮತ್ತೆ ಮತ್ತೆ ಓದಿದೆ. ನಿನ್ನೆ ಬೆಂಕಿ ಹಾಕಿದೆ.

ಆಟಿಯಲ್ಲಿ ಒಂದು ದಿನ ಹೋದವರಿಗೆ ಎಲೆ ಹಾಕಿ ಬಡಿಸುವುದುಂಟಲ್ಲ ನಮ್ಮಲ್ಲಿ, ಆ ದಿನ ನಿನ್ನೆ ಇತ್ತು. ಇರುವವರಿಗೆ ಯಾವುದಕ್ಕೂ ಆಗದ ತಿಂಗಳು ಹೋದವರ ತಿಂಗಳು ಎಂದು ಅಜ್ಜಿ ಹೇಳುತ್ತಿದ್ದದ್ದು ಬಡಿಸುವಾಗ ನೆನಪಾಯಿತು. ಆ ನೆನಪು ಜುಲೈಯಲ್ಲಿ ಬಂದಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಭಾವ ನಮ್ಮ ಕುಟುಂಬದವರಲ್ಲ, ಶಿರ್ತಾಡಿಯವರು, ಅವರಿಗೆ ಬಡಿಸಬೇಕಾದ್ದು ಅವರ ಮೂಲದ ಮನೆಯಲ್ಲಿ, ಅದೂ ಈ ವರ್ಷವೇ ಅಲ್ಲ. ಅದೆಲ್ಲ ನನಗೆ ಗೊತ್ತು. ಅಪ್ಪ ಅಮ್ಮನ ಎಲೆ ಕೆಳಗೆ ಹಾಕಿದ ಮೇಲೆ ಒಂದು ಎಲೆ ತೆಗೆದುಕೊಂಡು ಮಹಡಿಗೆ ಹೋದೆ. ಇವಳು ಹಿಂದಿನಿಂದ "ಆಟಿ ಅಲ್ವಾ, ಬೆಂಕಿ ಬೇಡ" ಎಂದದ್ದು ತುಟಿಯಲ್ಲಿ ಕಂಡಿತು. ಕೇಳಿಸದವನ ಹಾಗೆ ಹತ್ತಿದೆ. ಕಿವಿ ಹೋದದ್ದರಿಂದ ಅಷ್ಟೊಂದು ಉಪಕಾರ. ಸ್ವಲ್ಪ ಹೊತ್ತಿನಲ್ಲಿ ಅವಳೇ ಒಂದು ಲೋಟ ಚಾ ತಂದು ಎಲೆಯ ಪಕ್ಕ ಇಟ್ಟು ಹೋದಳು. ಹೋಟೆಲಿನವರಿಗೆ ಅನ್ನಕ್ಕಿಂತ ಮೊದಲು ಚಾ ಬೇಕು ಎಂದು.

ನೀನು ಕಳಿಸಿದ ನನ್ನ ಕಾಗದವನ್ನು ಕೊಳವೆಗೆ ಹಿಡಿದೆ. ಥಂಡಿಗೆ ಮೆತ್ತಗಾಗಿತ್ತು, ಸುಲಭದಲ್ಲಿ ಹತ್ತಲಿಲ್ಲ. ಹೊಗೆ ಮೊದಲು ನನ್ನ ಮುಖಕ್ಕೇ ಬಂತು. ಒಂದು ಸಾಲದು ಎಂದು ನಿನ್ನ "ಆಗಲಿ" ಎಂಬ ಕಾಗದವನ್ನೂ ಕಿಸೆಯಿಂದ ತೆಗೆದು ಅದಕ್ಕೆ ಸೇರಿಸಿದೆ. ಆಗ ಕೊಳವೆ ಎಳೆಯಿತು. ಅದರ ಸದ್ದು ನನಗೆ ಕೇಳುವುದಿಲ್ಲ, ಹಲಗೆಗೆ ಕೈ ಇಟ್ಟಾಗ ಗೊತ್ತಾಯಿತು. ಆಮೇಲೆ ಗೇರಿನ ಚಕ್ಕೆ ಇಟ್ಟೆ, ಹುಣಸೆ ಇಟ್ಟೆ.

ಇನ್ನೊಂದು ಮಾಡಿದೆ, ನಿನಗೆ ಹೇಳದೆ ಇರಲಾರೆ. ಬೆಳಿಗ್ಗೆ ಹೋಗಿ ಒಂದು ತುಂಡು ಮಾವಿನ ಸೌದೆ ತಂದಿದ್ದೆ. ಅದನ್ನೂ ಇಟ್ಟೆ. ಅಪ್ಪ ಇದ್ದಿದ್ದರೆ ಕೈ ಮುರಿಯುತ್ತಿದ್ದರು. ಮನೆಯೊಳಗೆ ಇಡಬಾರದ್ದನ್ನು ಇಟ್ಟೆ, ಹಾಕಬಾರದ ತಿಂಗಳಲ್ಲಿ ಹಾಕಿದೆ. ಭಾವನಿಗೆ ಅಲ್ಲಿ ಅದು ಸಿಗಲಿಲ್ಲವಲ್ಲ ಅಕ್ಕಾ. ಇಷ್ಟು ದಿನ ಎಲ್ಲ ಸರಿಯಾಗಿಯೇ ಮಾಡಿ ಏನು ಉಳಿಸಿಕೊಂಡೆ ನಾನು?

ಕೆಳಗೆ ರಸ್ತೆಯಲ್ಲಿ ಜನ ಕೊಡೆ ಹಿಡಿದು ನಿಂತು ತಾರಸಿಯ ಹೊಗೆ ನೋಡುತ್ತಿದ್ದರಂತೆ. ಪ್ರಾಪ್ತಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಮೂಡಬಿದ್ರೆಯವರು ಬರಲಿ ಬಾರದಿರಲಿ, ಅತ್ತೆ ಮೊದಲು ಬರಲಿ ಎಂದು ಕಾಗದದಲ್ಲಿ ಬರೆಯಲು ಹೇಳಿದ್ದಾಳೆ. ನಾನೂ ಅದನ್ನೇ ಹೇಳುತ್ತೇನೆ. ಬಂದುಬಿಡು ಅಕ್ಕಾ. ಶೂ ಅಲ್ಲಿ ಬಿಟ್ಟು ಬರಬೇಡ. ಯಾವ ತಿಂಗಳು, ಯಾವ ವಾರ ಎಂದು ಇನ್ನು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಬೆಂಕಿ ಇಳಿದು ಕೆಂಡವಾದ ಮೇಲೆ ಎದ್ದು ಮಂಚದ ಹತ್ತಿರ ಹೋದೆ. ಭಾವನ ಕಾಲು ಬರುವ ಜಾಗದಲ್ಲಿ ಹಾಸಿಗೆಯನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ನಿನ್ನ ತಮ್ಮ
ಶಂಭು